ಪಲ್ಯ ಮುಗಿಯುವ ಖಾನಾವಳಿ

ಮೊದಲ ದಿನ ನನಗೆ ಅಲ್ಲಿ ಊಟ ಸಿಗಲಿಲ್ಲ. ಕಲಬುರಗಿಯ ಧಾನ್ಯದ ಪೇಟೆಯಾದ ನೆಹರು ಗಂಜಿನ ಹಿಂದಿನ ಓಣಿ, ಮಧ್ಯಾಹ್ನ ಎರಡೂವರೆ ಗಂಟೆ, ಏಪ್ರಿಲ್ ತಿಂಗಳ ಬಿಸಿಲು. ಬಾಗಿಲ ಬಳಿ ಕುಳಿತಿದ್ದ ಹೆಂಗಸು ಬರಿದಾದ ಬೋಗಾಣಿಯನ್ನು ನನ್ನ ಕಡೆಗೆ ವಾಲಿಸಿ ತೋರಿಸಿ, "ಪಲ್ಯ ಮುಗಿದಿದೆ ಅಕ್ಕಾವರೆ, ನಾಳೆ ಒಂದು ಗಂಟೆಯೊಳಗೆ ಬನ್ನಿ" ಎಂದರು. ಹಸಿದು ಬಂದವಳನ್ನು ಬರಿಗೈಯಲ್ಲಿ ಕಳುಹಿಸಲು ಮನಸ್ಸಾಗದೆ, ಮುಂದಿನ ತಿರುವಿನ ಹೋಟೆಲಿನಲ್ಲಿ ಸಂಜೆ ಐದರವರೆಗೂ ಊಟ ಸಿಗುತ್ತದೆ ಎಂದು ದಾರಿಯನ್ನೂ ತೋರಿಸಿದರು. ನಾನು ಆ ಹೋಟೆಲಿಗೆ ಹೋಗಲಿಲ್ಲ. ಮನೆಗೆ ಬಂದು ಮೊಸರು ಅವಲಕ್ಕಿ ಕಲಸಿಕೊಂಡು ತಿಂದು, ಮರುದಿನ ಹನ್ನೆರಡೂವರೆಗೇ ಈ ಖಾನಾವಳಿಯ ಮುಂದೆ ನಿಂತಿದ್ದೆ.

ಊಟದಿಂದಲೂ ನೀರಿನಿಂದಲೂ ಹರಡುವ ಕಾಯಿಲೆಗಳ ಬೆನ್ನು ಹತ್ತಿ 28 ವರ್ಷ ಕಳೆದವಳು ನಾನು. ತಾಲ್ಲೂಕು ಆಸ್ಪತ್ರೆಯ ವೈದ್ಯೆಯಾಗಿ ಸೇರಿ, ಆಮೇಲೆ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯಲ್ಲಿ ಎರಡು ವರ್ಷ ಓದಿ, ಉಳಿದ ಸೇವೆಯನ್ನೆಲ್ಲ ವಾಂತಿಭೇದಿಯ ಮೂಲ ಹುಡುಕುವುದರಲ್ಲಿ ಕಳೆದೆ. ಮದುವೆ, ಜಾತ್ರೆ, ಹಾಸ್ಟೆಲು, ಅಂಗನವಾಡಿ: ಎಲ್ಲಿ ಜನ ಒಟ್ಟಿಗೆ ಉಂಡು ಒಟ್ಟಿಗೆ ಹಾಸಿಗೆ ಹಿಡಿದರೋ ಅಲ್ಲಿಗೆ ನನ್ನ ಜೀಪು ಹೋಗುತ್ತಿತ್ತು. ನಿವೃತ್ತಿಯಾಗಿ ಈಗ ಮೂರು ವರ್ಷ. ಮಕ್ಕಳು ದೂರದ ಊರುಗಳಲ್ಲಿದ್ದಾರೆ, ಒಬ್ಬಳಿಗಾಗಿ ರೊಟ್ಟಿ ಬಡಿಯುವ ಶಕ್ತಿ ಈ ಮುಂಗೈಗಳಲ್ಲಿ ಉಳಿದಿಲ್ಲ. ಹೀಗಾಗಿ ವಾರಕ್ಕೆ ನಾಲ್ಕು ದಿನ ಹೊರಗೆ ಊಟ. ಕಲಬುರಗಿಯಲ್ಲಿ ಎಲ್ಲಿ ಉಣ್ಣುತ್ತೀರಿ ಎಂದು ಹಳೆಯ ಸಹೋದ್ಯೋಗಿಗಳು ಮೇಲಿಂದ ಮೇಲೆ ಕೇಳುತ್ತಾರೆ. ಅವರಿಗಾಗಿಯೂ, ಗಂಜಿಗೆ ತೊಗರಿ ತರುವ ರೈತರಿಗಾಗಿಯೂ ಇದನ್ನು ಬರೆಯುತ್ತಿದ್ದೇನೆ.

ಖಾನಾವಳಿಗೆ ನಾಮಫಲಕವಿಲ್ಲ. ಒಂದು ಹಳೆಯ ಶಹಾಬಾದಿ ಕಲ್ಲಿನ ಮನೆ, ಮುಂದಿನ ಪಡಸಾಲೆಯಲ್ಲಿ ಆರು ಮೇಜು, ಹಿಂದೆ ತೆರೆದ ಅಡುಗೆಮನೆ. ಗಂಜಿನ ಯಾವ ಹಮಾಲರನ್ನು ಕೇಳಿದರೂ ತೋರಿಸುತ್ತಾರೆ. ಹೆಸರು ಬರೆಯುವುದು ಬೇಡ ಎಂದು ಒಡತಿ ಕೇಳಿಕೊಂಡಿದ್ದಾರೆ. ಈಗ ಬರುವವರಿಗೇ ಬಡಿಸಲು ಐದು ಜೋಡಿ ಕೈ ಸಾಲದು ಎಂಬುದು ಅವರ ಅಳಲು. ಗೋಡೆಯ ಮೇಲೆ ಶರಣಬಸವೇಶ್ವರರ ಚಿತ್ರ, ಅದರ ಕೆಳಗೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ನೋಂದಣಿ ಪತ್ರ, ಅದರ ಪಕ್ಕದಲ್ಲಿ ದಾರ ಕಟ್ಟಿ ತೂಗುಹಾಕಿದ ಒಂದು ನೋಟ್‌ಬುಕ್. ಆ ನೋಟ್‌ಬುಕ್ಕಿನ ವಿಷಯ ಆಮೇಲೆ ಹೇಳುತ್ತೇನೆ. ನನ್ನ ಮಟ್ಟಿಗೆ ಈ ಖಾನಾವಳಿಯ ಅತ್ಯಂತ ಬೆಲೆಯುಳ್ಳ ವಸ್ತು ಅದು.

ಊಟಕ್ಕೆ 80 ರೂಪಾಯಿ. ಎರಡು ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಒಂದು ಕಾಳುಪಲ್ಯ, ತೊಗರಿಬೇಳೆಯ ಕಟ್ಟಿನ ಸಾರು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೊಸರು, ಹಸಿ ಮೆಂತ್ಯೆಸೊಪ್ಪು, ಉಳ್ಳಾಗಡ್ಡಿ, ಸೌತೆಕಾಯಿ, ಕೊನೆಗೆ ಒಂದು ಹಿಡಿ ಅನ್ನ. ಎಣ್ಣೆಗಾಯಿಯಲ್ಲಿ ಗುರೆಳ್ಳಿನ ಕಹಿಯೂ ಹುಣಸೆಯ ಹುಳಿಯೂ ಒಂದಕ್ಕೊಂದು ಜಗ್ಗುತ್ತಿರುತ್ತವೆ, ಬದನೆಕಾಯಿ ಬೆಂದಿದ್ದರೂ ತೊಟ್ಟು ಹಿಡಿದರೆ ಬಿಚ್ಚುವುದಿಲ್ಲ. ರೊಟ್ಟಿ ಪೂರಿಯಂತೆ ಉಬ್ಬಿ ತಾಟಿಗೆ ಬರುತ್ತದೆ. ಬೆರಳು ತಾಗಿಸಿದರೆ ಮೇಲಿನ ಪದರು ಉಸ್ಸೆಂದು ಕುಸಿದು ಜೋಳದ ಹಬೆ ಮುಖಕ್ಕೆ ಹೊಡೆಯುತ್ತದೆ. ಆಳಂದ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅವ್ವ ಒಲೆಯ ಮುಂದೆ ಕೂರಿಸಿಕೊಂಡು ಕೊಡುತ್ತಿದ್ದ ರೊಟ್ಟಿ ಇದೇ.

ರೊಟ್ಟಿಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಒಡತಿ ಕೊಳ್ಳುವುದು ಹಿಂಗಾರಿ ಬಿಳಿಜೋಳವನ್ನು ಮಾತ್ರ. ಮುಂಗಾರಿ ಜೋಳ ತೆನೆ ಕಟ್ಟುವ ಹೊತ್ತಿಗೆ ಮಳೆ ಹಿಡಿದರೆ ಕಾಳಿಗೆ ಬೂಸ್ಟು ಬಂದು ಕಪ್ಪಾಗುತ್ತದೆ. ಹಿಂಗಾರಿ ಜೋಳ ಇಬ್ಬನಿಯಲ್ಲಿ ಬೆಳೆದು ಒಣಹವೆಯಲ್ಲಿ ಕೊಯ್ಲಿಗೆ ಬರುವುದರಿಂದ ಈ ಕಾಟ ಕಡಿಮೆ. ಇದು ಬಣ್ಣದ, ರುಚಿಯ ಮಾತಷ್ಟೇ ಎಂದು ತಿಳಿಯಬೇಡಿ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಮಳೆಗೆ ಸಿಕ್ಕ ಜೋಳ ಮತ್ತು ಮೆಕ್ಕೆಜೋಳದ ರೊಟ್ಟಿ ಉಂಡ ಜನ ಹೊಟ್ಟೆನೋವು, ಹೊಟ್ಟೆ ಗುಡುಗುಡು, ಭೇದಿಯಿಂದ ನರಳಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ರಮೇಶ ಭಟ್ ಮತ್ತು ಸಂಗಡಿಗರು 50 ಹಳ್ಳಿಗಳನ್ನು ಸುತ್ತಿ, 27ರಲ್ಲಿ ಕಾಯಿಲೆ ಕಂಡು, ಅದರ ಹಿಂದೆ ಬೂಸ್ಟಿನಿಂದ ಹುಟ್ಟುವ ಫ್ಯುಮೋನಿಸಿನ್ ಎಂಬ ವಿಷವಿರುವುದನ್ನು 1997ರಲ್ಲಿ ಪ್ರಕಟಿಸಿದರು. ಆ ಲೇಖನ ಓದಿದ ದಿನ ನನಗೆ ನಿದ್ದೆ ಬಂದಿರಲಿಲ್ಲ. ಕಾಲರಾ, ವಿಷಮಶೀತ ಜ್ವರ (ಟೈಫಾಯ್ಡ್) ಇವುಗಳನ್ನು ನೀರಿನಲ್ಲಿ ಹುಡುಕುತ್ತಿದ್ದವಳಿಗೆ ನಮ್ಮ ನಿತ್ಯದ ರೊಟ್ಟಿಯೇ ಒಂದು ಪ್ರಶ್ನೆಯಾಗಬಲ್ಲದು ಎಂದು ಅದುವರೆಗೆ ಹೊಳೆದಿರಲಿಲ್ಲ. ಬಡವರು ಕಪ್ಪಾದ ಜೋಳವನ್ನು ಚೆಲ್ಲುವುದಿಲ್ಲ, ಚೆಲ್ಲಲು ಅವರಿಗೆ ಆಗುವುದೂ ಇಲ್ಲ. ಈ ಒಡತಿ ಚೀಲ ಬಿಚ್ಚಿಸಿ, ಅಂಗೈ ಮೇಲೆ ಕಾಳು ಹರಡಿ, ಮೂಸಿ ನೋಡಿ ಕೊಳ್ಳುವುದನ್ನು ನಾನು ಗಂಜಿನಲ್ಲಿ ನಿಂತು ನೋಡಿದ್ದೇನೆ. ಶೇಂಗಾ ಕೂಡ ಹಾಗೆಯೇ: ಮುರುಟಿದ, ಬಣ್ಣಗೆಟ್ಟ ಬೀಜವನ್ನು ಒಂದೊಂದಾಗಿ ಆರಿಸಿ ತೆಗೆದ ಮೇಲೆಯೇ ಹುರಿಯುತ್ತಾರೆ. ಶೇಂಗಾಕ್ಕೆ ಹಿಡಿಯುವ ಬೂಸ್ಟಿನ ಅಫ್ಲಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಆರಿಸುವುದೇ ಅದಕ್ಕೆ ಮನೆಮಟ್ಟದ ದಾರಿ.

ರೊಟ್ಟಿಗೆ ನೀರು ಹಚ್ಚುವ ಅರಿವೆಯ ಬಗ್ಗೆ ನನಗೆ ಎಲ್ಲೆಡೆಯೂ ಅಳುಕು. ಹಸಿ ಅರಿವೆ, ಬೆಚ್ಚಗಿನ ಬಟ್ಟಲು, ಹಿಟ್ಟಿನ ಅಂಟು: ರೋಗಾಣುವಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕಿಲ್ಲ. ನೀರು ಹಚ್ಚಿದ ಮಗ್ಗುಲು ಆಮೇಲೆ ಹಂಚಿಗೆ ಬೀಳುವುದರಿಂದ ರೊಟ್ಟಿಗೆ ಅಪಾಯ ಕಡಿಮೆ, ಆದರೆ ಅದೇ ಕೈ ಬೇಯಿಸಿದ ಪಲ್ಯಕ್ಕೂ ಹೋಗುತ್ತದೆ. ಇಲ್ಲಿ ದಿನಕ್ಕೆ ನಾಲ್ಕು ಅರಿವೆ ಬದಲಿಸುತ್ತಾರೆ, ರಾತ್ರಿ ಎಲ್ಲವನ್ನೂ ಕುದಿಸಿ ಹಗ್ಗದ ಮೇಲೆ ಒಣಹಾಕುತ್ತಾರೆ. ರೊಟ್ಟಿ ಬಡಿಯುವವರು ಪಲ್ಯ ಮುಟ್ಟುವುದಿಲ್ಲ, ಪಲ್ಯ ಬಡಿಸುವವರು ದುಡ್ಡು ಮುಟ್ಟುವುದಿಲ್ಲ. ಇದನ್ನು ಯಾರು ಕಲಿಸಿದರು ಎಂದು ಕೇಳಿದೆ. "ಯಾರೂ ಕಲಿಸಲಿಲ್ಲ ಅಕ್ಕಾವರೆ, ನಮ್ಮ ಅತ್ತೆ ಹೀಗೆಯೇ ಮಾಡುತ್ತಿದ್ದರು" ಎಂದರು.

ಇನ್ನು ಅನ್ನ. ಅನ್ನದ ವಿಷಯದಲ್ಲಿ ನಾನು ಕಟುವಾಗಿ ಮಾತಾಡುತ್ತೇನೆ, ಅದಕ್ಕೆ ಕಾರಣವಿದೆ.

ಯಾದಗಿರಿ ಇನ್ನೂ ಪ್ರತ್ಯೇಕ ಜಿಲ್ಲೆಯಾಗಿರದ ಕಾಲ. ಭೀಮಾ ನದಿಯ ಆಚೆಯ ಒಂದು ಹಳ್ಳಿಯಲ್ಲಿ ಮದುವೆ. ಬೆಳಗಿನ ಫಳಾರ ಮುಗಿದು ಎರಡು ಮೂರು ಗಂಟೆಯೊಳಗೆ ಹಂದರದ ತುಂಬ ವಾಂತಿ. ನಾನು ತಲುಪುವಷ್ಟರಲ್ಲಿ ಬೂಂದಿ ಮಾಡಿದ್ದ ಪರಊರಿನ ಅಡುಗೆಯವನನ್ನು ಗುಡಿಯ ಕಟ್ಟೆಯ ಮೇಲೆ ಕೂರಿಸಿ ಸುತ್ತ ಜನ ನಿಂತಿದ್ದರು. ಯಾರೋ ಅವನ ಕಪಾಳಕ್ಕೆ ಹೊಡೆದಾಗಿತ್ತು. ಅವನ ಬೂಂದಿಯಲ್ಲಿ ವಿಷ ಬೆರೆತಿದೆ ಎಂಬುದು ಊರಿನ ತೀರ್ಪು. ಮಲಗಿದವರಿಗೆ ಜೀವಜಲ (ಓಆರ್‌ಎಸ್) ಕುಡಿಸುವ ವ್ಯವಸ್ಥೆ ಮಾಡಿ, ನಾನು ಪುಸ್ತಕ ಹಿಡಿದು ಮನೆ ಮನೆ ಹತ್ತಿಳಿದೆ. ಕಾಯಿಲೆ ಬಿದ್ದವರನ್ನು ಕೇಳಿದಷ್ಟೇ ಸಾವಧಾನವಾಗಿ ಏನೂ ಆಗದೆ ಓಡಾಡುತ್ತಿದ್ದವರನ್ನೂ ಕೇಳಿದೆ. ಊರಿನವರಿಗೆ ಸಿಟ್ಟು ಬಂತು. ಗಟ್ಟಿಮುಟ್ಟಾಗಿ ಇರುವವರನ್ನು ಕೇಳುತ್ತಾ ಹೊತ್ತು ಕಳೆಯುತ್ತಾಳೆ ಎಂದು ಒಬ್ಬ ಹಿರಿಯರು ನನ್ನೆದುರೇ ಗೊಣಗಿದರು.

ಆದರೆ ನಮ್ಮ ವಿದ್ಯೆಯ ಬೇರು ಇರುವುದೇ ಅಲ್ಲಿ. ಚೆನ್ನೈನಲ್ಲಿ ನಾವು ಮೊದಲು ಬಿಡಿಸಿದ ಲೆಕ್ಕ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಸ್ವೆಗೊ ಎಂಬಲ್ಲಿ 1940ರ ಏಪ್ರಿಲ್‌ನಲ್ಲಿ ನಡೆದ ಚರ್ಚಿನ ಊಟದ್ದು. ವಿಚಾರಿಸಲು ಸಿಕ್ಕಿದ್ದು 75 ಜನ, ಕಾಯಿಲೆ ಬಿದ್ದವರು 46. ಹಂದಿಮಾಂಸ, ಪಾಲಕ್, ಆಲೂಗಡ್ಡೆ, ಕೇಕು, ಎರಡು ಬಗೆಯ ಐಸ್‌ಕ್ರೀಂ. ವೆನಿಲ್ಲಾ ಐಸ್‌ಕ್ರೀಂ ತಿಂದ 54 ಜನರಲ್ಲಿ 43 ಜನ ಮಲಗಿದ್ದರು, ತಿನ್ನದ 21 ಜನರಲ್ಲಿ ಮಲಗಿದ್ದವರು ಮೂವರು. ತಿಂದವರ ಲೆಕ್ಕವೊಂದೇ ಆದರೆ ಉತ್ತರ ಸಿಗುವುದಿಲ್ಲ, ತಿನ್ನದವರ ಸಾಲನ್ನು ಪಕ್ಕಕ್ಕೆ ಇಟ್ಟಾಗ ಕಣ್ಣಿಗೆ ಹೊಡೆಯುತ್ತದೆ. ಆ ಹಳ್ಳಿಯಲ್ಲಿಯೂ ಹಾಗೇ ಆಯಿತು. ಬೂಂದಿಯನ್ನು ಎಲ್ಲರೂ ತಿಂದಿದ್ದರು, ಚೆನ್ನಾಗಿದ್ದವರೂ ತಿಂದಿದ್ದರು. ಬೆಳಗಿನ ಚಿತ್ರಾನ್ನ ತಿಂದವರು ಮಾತ್ರ ಮಲಗಿದ್ದರು. ಹಿಂದಿನ ರಾತ್ರಿ ಬಸಿದ ಅನ್ನವನ್ನು ದೊಡ್ಡ ಬುಟ್ಟಿಯಲ್ಲಿ ರಾಶಿ ಹಾಕಿ, ಆರಬಾರದೆಂದು ಮೇಲೆ ಹಸಿ ಅರಿವೆ ಮುಚ್ಚಿದ್ದರು. ಬೆಳಗ್ಗೆ ಅದಕ್ಕೇ ಒಗ್ಗರಣೆ.

ಅಕ್ಕಿಯ ಜೊತೆ ಬರುವ ಬ್ಯಾಸಿಲಸ್ ಸಿರಿಯಸ್ ಎಂಬ ರೋಗಾಣುವಿನ ಬೀಜಕಗಳು ಕುದಿತಕ್ಕೆ ಸಾಯುವುದಿಲ್ಲ. ಅನ್ನ ನಿಧಾನವಾಗಿ ತಣ್ಣಗಾಗುವಾಗ ಅವು ಮೊಳೆತು, ಹೆಚ್ಚಿ, ವಾಂತಿ ತರಿಸುವ ವಿಷ ಬಿಡುತ್ತವೆ. ಆ ವಿಷ ಮತ್ತೆ ಎಷ್ಟು ಕಾಯಿಸಿದರೂ ಮುರಿಯುವುದಿಲ್ಲ. ಉಂಡ ಒಂದರಿಂದ ಆರು ಗಂಟೆಯೊಳಗೆ ವಾಂತಿ, ಜ್ವರವಿಲ್ಲ, ಒಂದು ದಿನದಲ್ಲಿ ಇಳಿತ: ಆ ಮದುವೆಯ ಚಿತ್ರ ಅದಕ್ಕೆ ಸರಿಯಾಗಿ ಹೊಂದುತ್ತಿತ್ತು. ಪ್ರಯೋಗಾಲಯಕ್ಕೆ ಕಳುಹಿಸಲು ಒಂದು ಅಗುಳೂ ಉಳಿದಿರಲಿಲ್ಲ, ತಿಪ್ಪೆಗೆ ಚೆಲ್ಲಿ ಮೇಲೆ ಬೂದಿ ಸುರಿದಿದ್ದರು. ಆದ್ದರಿಂದ ನನ್ನ ವರದಿಯಲ್ಲಿ "ಬಹುಶಃ" ಎಂಬ ಪದ ಉಳಿಯಿತು. ಆದರೂ ಆ ಅಡುಗೆಯವನನ್ನು ಸಂಜೆ ನಮ್ಮ ಜೀಪಿನಲ್ಲೇ ಬಸ್ ನಿಲ್ದಾಣಕ್ಕೆ ಬಿಟ್ಟು ಬಂದೆ. ಇಳಿಯುವಾಗ ಅವನು ಒಂದೂ ಮಾತಾಡಲಿಲ್ಲ, ಮುಖ ಒರೆಸಿಕೊಂಡು ಹೋದ. ನನ್ನ ಸೇವೆಯಲ್ಲಿ ಇದಕ್ಕಿಂತ ದೊಡ್ಡ ಕೆಲಸಗಳನ್ನು ಮಾಡಿರಬಹುದು, ಇದಕ್ಕಿಂತ ಹೆಚ್ಚು ನೆನಪಾಗುವ ಕೆಲಸ ಇನ್ನೊಂದಿಲ್ಲ.

ಈ ಖಾನಾವಳಿಯಲ್ಲಿ ಅನ್ನವನ್ನು ಸಣ್ಣ ಕುಕ್ಕರಿನಲ್ಲಿ ಮೂರು ಸಲ ಮಾಡುತ್ತಾರೆ. ಹನ್ನೆರಡಕ್ಕೆ ಒಂದು, ಒಂದಕ್ಕೆ ಒಂದು, ಬೇಕಾದರೆ ಒಂದೂ ಮುಕ್ಕಾಲಿಗೆ ಇನ್ನೊಂದು. ಉಳಿದದ್ದು ಓಣಿಯ ಎಮ್ಮೆಗೆ. ಪಲ್ಯವೂ ಅಷ್ಟೇ, ಎರಡೂವರೆಗೆ ಮುಗಿಯುವಷ್ಟೇ ಮಾಡುತ್ತಾರೆ. ಮುಗಿಯಿತು ಎಂದು ಹೇಳಲು ಅವರಿಗೆ ಸಂಕೋಚವಿಲ್ಲ. ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಬಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಕಾವಿನಲ್ಲಿ ರೋಗಾಣು ಹೆಚ್ಚುತ್ತವೆ ಎಂದು ಎಚ್ಚರಿಸುತ್ತದೆ. ನಮ್ಮ ಬೇಸಿಗೆಯ ಮಧ್ಯಾಹ್ನ 42 ಡಿಗ್ರಿ ದಾಟುವ ಊರಿನಲ್ಲಿ ಅಡುಗೆಮನೆಯ ಕಟ್ಟೆಯೇ ಆ ಕಾವಿನೊಳಗೆ ಇರುತ್ತದೆ. ನನ್ನ ಚೀಲದಲ್ಲಿ ಈಗಲೂ ಅಡುಗೆಯ ಕಾವು ಅಳೆಯುವ ಕಡ್ಡಿ ಇರುತ್ತದೆ. ಒಡತಿಯ ಒಪ್ಪಿಗೆ ಪಡೆದು, ಸ್ಪಿರಿಟ್‌ನಲ್ಲಿ ಒರೆಸಿ, ಒಂದೂವರೆ ಗಂಟೆಗೆ ಸಾರಿನ ಬೋಗಾಣಿಗೆ ಇಳಿಸಿದೆ: 78 ಡಿಗ್ರಿ. ಎಣ್ಣೆಗಾಯಿ 66. ಪಕ್ಕದ ಮೇಜಿನ ಹಮಾಲರೊಬ್ಬರು ನನ್ನ ಹಿಂದೆ ನಿಂತು ಅಂಕಿ ಓದಿ, "ಜ್ವರ ಇದೆಯೇ ಬಾಯಾರೆ?" ಎಂದು ಕೇಳಿದರು. ಇರಬೇಕು ಎಂದೆ.

ಕಾಳುಪಲ್ಯ ಬಹುಪಾಲು ಮೊಳಕೆ ಬರಿಸಿದ ಮಡಕಿಕಾಳಿನದು. ಮೊಳಕೆಯನ್ನು ಇಲ್ಲಿ ಹಸಿಯಾಗಿ ಕೊಡುವುದಿಲ್ಲ, ಪೂರ್ತಿ ಬೇಯಿಸುತ್ತಾರೆ. ಕಾಳು ಮೊಳೆಯುವ ಬೆಚ್ಚನೆಯ ತೇವದಲ್ಲಿ ರೋಗಾಣುವೂ ಬೆಳೆಯುತ್ತದೆ. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲಿ ಎಂಬ ರೋಗಾಣುವಿನ ಒಂದು ಕ್ರೂರ ತಳಿ ಹರಡಿ 50ಕ್ಕೂ ಹೆಚ್ಚು ಜನ ಸತ್ತರು. ಮೊದಲು ಅಪವಾದ ಬಂದದ್ದು ಸ್ಪೇನಿನ ಸೌತೆಕಾಯಿಯ ಮೇಲೆ, ಅಲ್ಲಿನ ರೈತರು ಬೆಳೆಯನ್ನು ಚೆಲ್ಲಬೇಕಾಯಿತು. ನಿಜವಾದ ಮೂಲ ಮೆಂತ್ಯೆಯ ಮೊಳಕೆ. ಅಲಂಕಾರಕ್ಕೆ ಉದುರಿಸಿದ ನಾಲ್ಕು ಎಳೆ ಮೊಳಕೆಯನ್ನು ಉಂಡವರಲ್ಲಿ ಹೆಚ್ಚಿನವರು ನೆನಪಿಟ್ಟಿರಲಿಲ್ಲ. ತನಿಖೆಯವರು ಹೋಟೆಲಿನ ಅಡುಗೆಯವರನ್ನೇ ಕೂರಿಸಿಕೊಂಡು, ಯಾವ ತಿನಿಸಿಗೆ ಏನೇನು ಹಾಕಿದಿರಿ ಎಂದು ಕೇಳಿದಾಗ ದಾರಿ ತೆರೆಯಿತು. ಆ ಸುದ್ದಿ ಓದುವಾಗ ನನಗೆ ಬೂಂದಿಯವನ ಮುಖವೇ ಕಣ್ಣೆದುರು ಬಂದಿತ್ತು. ಊಟದ ಮನೆಗಳ ಬಗ್ಗೆ ಬರೆಯುವವರು ಅಡುಗೆಮನೆಯೊಳಗೆ ಹೋಗಿ ಕೇಳಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಕೊರತೆಗಳೂ ಇವೆ. ಹಸಿ ಮೆಂತ್ಯೆ, ಸೌತೆಕಾಯಿ, ಉಳ್ಳಾಗಡ್ಡಿಯನ್ನು ಬೇಸಿಗೆಯಲ್ಲಿ ಟ್ಯಾಂಕರಿನ ನೀರಿನಲ್ಲಿ ತೊಳೆಯುತ್ತಾರೆ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ನಾನು ಆ ಹಸಿ ಭಾಗವನ್ನು ಮುಟ್ಟುವುದಿಲ್ಲ. ನೀವು ಎಳೆಯ ಮಕ್ಕಳನ್ನೋ ಬಸುರಿಯರನ್ನೋ ಕರೆದುಕೊಂಡು ಹೋದರೆ ಅವರಿಗೂ ಬೇಡವೆನ್ನಿ. ಕುಡಿಯುವ ನೀರಿನ ಕೊಡಕ್ಕೆ ಮೊದಲು ಎಲ್ಲರೂ ಚರಿಗೆ ಅದ್ದುತ್ತಿದ್ದರು. ನಾನು ಹೇಳಿದ ಮರುವಾರ ನಲ್ಲಿಯಿರುವ ಸ್ಟೀಲ್ ಡ್ರಮ್ಮು ಬಂತು. ಕೈ ತೊಳೆಯುವ ಜಾಗದಲ್ಲಿ ಸಾಬೂನು ಒಂದೂವರೆಯ ಹೊತ್ತಿಗೆ ಕರಗಿ ಹೋಗಿರುತ್ತದೆ. ಇದನ್ನು ಐದು ಸಲ ಹೇಳಿದ್ದೇನೆ, ಇನ್ನೂ ಸರಿಯಾಗಿಲ್ಲ. ಸಾರಿಗೆ ಉಪ್ಪು ಒಂದು ಹಿಡಿ ಮುಂದು. ಬಿಸಿಲಲ್ಲಿ ಮೂಟೆ ಹೊತ್ತು ಬೆವರಿಳಿಸುವವರ ನಾಲಿಗೆಗೆ ಅದು ಸರಿ, ರಕ್ತದೊತ್ತಡದ ಮಾತ್ರೆ ನುಂಗುವ ನನ್ನಂಥವರು ಸಾರಿನ ಬದಲು ಮೊಸರು ಕೇಳಿ ಪಡೆಯುವುದು ಲೇಸು. ಗಾಡಿ ನಿಲ್ಲಿಸಲು ಜಾಗವಿಲ್ಲ, ತೊಗರಿ ಸುಗ್ಗಿಯಲ್ಲಿ ಓಣಿ ಎತ್ತಿನ ಗಾಡಿ, ಟ್ರ್ಯಾಕ್ಟರುಗಳಿಂದ ಕಟ್ಟಿಹೋಗಿರುತ್ತದೆ.

ಈಗ ಆ ನೋಟ್‌ಬುಕ್ಕಿಗೆ ಬರುತ್ತೇನೆ.

ಅಲ್ಲಿ ಐವರು ಹೆಂಗಸರು ಕೆಲಸ ಮಾಡುತ್ತಾರೆ. ಪುಸ್ತಕದ ಒಂದೊಂದು ಹಾಳೆ ಒಬ್ಬೊಬ್ಬರದು. ಬಂದ ದಿನಕ್ಕೆ ಗೆರೆ, ಬಾರದ ದಿನಕ್ಕೆ ಸೊನ್ನೆ, ಕೆಲವು ಕಡೆ ಸೊನ್ನೆಯೊಳಗೆ ಒಂದು ಗೆರೆ. ಆ ಗುರುತು ಏನೆಂದು ಕೇಳಿದೆ. "ಮೈಯಲ್ಲಿ ಹುಷಾರಿಲ್ಲದ ರಜೆ. ಕೂಲಿ ಕೊಟ್ಟಿದ್ದೇನೆ ಎಂದು ಗುರುತು" ಎಂದರು. ಜ್ವರ, ಭೇದಿ, ವಾಂತಿ, ಕೈ ಮೇಲೆ ಕೀವುಗಟ್ಟಿದ ಗಾಯ: ಇವುಗಳಲ್ಲಿ ಯಾವುದಿದ್ದರೂ ಮೂರು ದಿನ ಮನೆ, ಪೂರ್ತಿ ಕೂಲಿ. ಹಿಂದೊಮ್ಮೆ ಒಬ್ಬ ಹುಡುಗಿ ಜ್ವರ ಮುಚ್ಚಿಟ್ಟುಕೊಂಡು ವಾರವಿಡೀ ಕೆಲಸಕ್ಕೆ ಬಂದಳಂತೆ, ಹಂಚಿನ ಮುಂದೆಯೇ ಕುಸಿದಳಂತೆ. ಆಸ್ಪತ್ರೆಯಲ್ಲಿ ವಿಷಮಶೀತ ಜ್ವರ ಎಂದರು. "ಯಾಕೆ ಹೇಳಲಿಲ್ಲ ಎಂದರೆ, ಕೂಲಿ ಹೋಗುತ್ತದೆ ಅಕ್ಕಾ ಎಂದು ಅತ್ತಳು. ಅವತ್ತೇ ತೀರ್ಮಾನ ಮಾಡಿದೆ" ಎಂದರು ಒಡತಿ. ಹೇಳುವಾಗ ಅವರ ಕೈ ಉಳ್ಳಾಗಡ್ಡಿ ಹೆಚ್ಚುತ್ತಲೇ ಇತ್ತು.

ನಾನು ಎಷ್ಟೋ ತರಬೇತಿಗಳಲ್ಲಿ ಮೇರಿ ಮ್ಯಾಲನ್ ಕಥೆ ಹೇಳಿದ್ದೇನೆ. ನ್ಯೂಯಾರ್ಕಿನ ಆ ಅಡುಗೆಯವಳ ಮೈಯಲ್ಲಿ ವಿಷಮಶೀತ ಜ್ವರದ ರೋಗಾಣು ಇತ್ತು, ಅವಳಿಗೆ ಕಾಯಿಲೆಯ ಲಕ್ಷಣವಿರಲಿಲ್ಲ. 1907ರಲ್ಲಿ ಹಿಡಿದು ದ್ವೀಪದಲ್ಲಿಟ್ಟರು, ಅಡುಗೆ ಮಾಡುವುದಿಲ್ಲ ಎಂಬ ಮಾತು ಪಡೆದು 1910ರಲ್ಲಿ ಬಿಟ್ಟರು. ಆಮೇಲೆ ಅವಳಿಗೆ ಸಿಕ್ಕ ಬಟ್ಟೆ ಒಗೆಯುವ ಕೆಲಸದ ಕೂಲಿ ಅಡುಗೆಯ ಕೂಲಿಗಿಂತ ಕಡಿಮೆ. ಅವಳು ಹೆಸರು ಬದಲಿಸಿಕೊಂಡು ಮತ್ತೆ ಅಡುಗೆಮನೆ ಸೇರಿದಳು, ಒಂದು ಹೆರಿಗೆ ಆಸ್ಪತ್ರೆಯಲ್ಲಿ 25 ಜನರಿಗೆ ಜ್ವರ ಬಂತು, 1915ರಿಂದ ಸಾಯುವವರೆಗೆ ಅವಳನ್ನು ಮತ್ತೆ ಅದೇ ದ್ವೀಪದಲ್ಲಿಟ್ಟರು. ತರಬೇತಿಯಲ್ಲಿ ಎಲ್ಲರೂ ಅವಳ ಹಟವನ್ನು ಬೈಯುತ್ತಾರೆ. ಕೂಲಿಯ ಮಾತು ಎತ್ತಿದರೆ ಕೋಣೆ ಸುಮ್ಮನಾಗುತ್ತದೆ. ಭೇದಿ ಇದ್ದರೆ ಅಡುಗೆಗೆ ಬರಬೇಡಿ ಎಂಬ ಫಲಕವನ್ನು ಈ ಜಿಲ್ಲೆಯ ಎಷ್ಟೋ ಅಡುಗೆಮನೆಗಳಲ್ಲಿ ನಾನೇ ನಿಂತು ಬರೆಸಿದ್ದೇನೆ. ಬರದಿದ್ದರೆ ಆ ದಿನ ಅವಳ ಮನೆಯ ಒಲೆ ಹೇಗೆ ಉರಿಯಬೇಕು ಎಂದು ಯಾವ ಫಲಕದಲ್ಲಿಯೂ ಬರೆಸಲಾಗಲಿಲ್ಲ. ಈ ಒಡತಿ ಅದಕ್ಕೆ ಉತ್ತರವನ್ನು ಹತ್ತು ರೂಪಾಯಿಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ನಾನು ಸೇರಿಸಿದ್ದು ಒಂದೇ ಮಾತು: ಭೇದಿ ನಿಂತ ಮೇಲೂ ಎರಡು ದಿನ ಬಿಟ್ಟು ಕರೆಯಿರಿ ಎಂದು. ಒಪ್ಪಿದರು.

ಕಳೆದ ಗುರುವಾರ ಹೋದಾಗ ಪಡಸಾಲೆ ತುಂಬಿತ್ತು. ಹಂಚಿನ ಮುಂದೆ ಇರಬೇಕಾದ ಇಬ್ಬರಲ್ಲಿ ಒಬ್ಬರೇ ಇದ್ದರು. ಒಡತಿ ಸೆರಗು ಸಿಕ್ಕಿಸಿ ತಾವೇ ಎರಡನೆಯ ಹಂಚಿಗೆ ಕುಳಿತಿದ್ದರು. ರೊಟ್ಟಿ ತಡವಾಗುತ್ತಿದೆ ಎಂದು ನಾಲ್ಕಾರು ಜನ ತಾಟು ಬಡಿದು ಕೂಗಿದರು, ಇಬ್ಬರು ಎದ್ದು ಮುಂದಿನ ತಿರುವಿನ ಹೋಟೆಲಿಗೆ ಹೋದರು. ನಾನು ಗೋಡೆಯ ಬಳಿ ಹೋಗಿ ನೋಟ್‌ಬುಕ್ ತೆರೆದು ನೋಡಿದೆ. ಆ ದಿನದ ಚೌಕದಲ್ಲಿ ಸೊನ್ನೆ, ಅದರೊಳಗೆ ಗೆರೆ. ನಲವತ್ತು ನಿಮಿಷ ಕಾದೆ. ಅಷ್ಟರಲ್ಲಿ ಎಣ್ಣೆಗಾಯಿ ಮುಗಿದಿತ್ತು, ಶೇಂಗಾ ಹಿಂಡಿ ಮತ್ತು ಮೊಸರಿನ ಜೊತೆ ಎರಡು ರೊಟ್ಟಿ ಉಂಡು, 80 ರೂಪಾಯಿ ಕೊಟ್ಟು ಬಂದೆ.